ಯಾಕೆ ಎಂದು ಕೇಳುವಂತಿಲ್ಲ

ಜನವರಿ 9

ಚೂಟಿ,

ಇನ್ನು ಮೇಲೆ ನಮ್ಮಿಬ್ಬರಿಗೂ ಕಾಗದವೇ ಸರಿ. ಫೋನಿನಲ್ಲಿ ನೀನು ಒಂದು ಮಾತಾಡುವಷ್ಟರಲ್ಲಿ ನಾನು ನಾಲ್ಕು ಆಡಿರುತ್ತೇನೆ. ಆಮೇಲೆ ನೀನು ಮೂಗೆಳೆದುಕೊಂಡು ಅಳುತ್ತೀಯ, ನಾನು ಫೋನ್ ಕುಕ್ಕುತ್ತೇನೆ. ಮೊನ್ನೆ ಕುಕ್ಕಿದ್ದಕ್ಕೆ ಗಾಜು ಸೀಳಿಹೋಗಿದೆ, ನಿಮ್ಮಣ್ಣ ಇನ್ನೂ ಗೊಣಗುತ್ತಿದ್ದಾರೆ. ಕಾಗದವಾದರೆ ಬರೆದ ಮೇಲೆ ಓದಿ ನೋಡಬಹುದು, ಹೆಚ್ಚಾಯಿತು ಅನ್ನಿಸಿದರೆ ಹರಿಯಬಹುದು. ಇದಕ್ಕೆ ಮೊದಲು ಎರಡು ಹರಿದಿದ್ದೇನೆ. ಇದೂ ಮೆತ್ತಗೇನಿಲ್ಲ, ಆದರೆ ಕಳಿಸುತ್ತೇನೆ.

ನನಗೆ ಹೊಟ್ಟೆಕಿಚ್ಚು. ಬಾಯಿ ತುಂಬ ಹೇಳುತ್ತೇನೆ, ನಾಚಿಕೆಯೇನಿಲ್ಲ. ಹೆಲಿಕಾಪ್ಟರಿನಲ್ಲಿ ರೋಗಿಗಳನ್ನು ಸಾಗಿಸುವ ನರ್ಸಿನ ಕೆಲಸ, ಇದ್ದದ್ದು ಒಂದೇ ಜಾಗ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ದಿನ ಪರೀಕ್ಷೆ ಕೊಟ್ಟೆವು. ನಿನಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಎಮರ್ಜೆನ್ಸಿ ವಾರ್ಡಿನಲ್ಲಿ ಹನ್ನೆರಡು ವರ್ಷ ದುಡಿದವಳು ನಾನು. ನೀನು ಕೋರ್ಸು ಮುಗಿಸಿ ನಮ್ಮ ವಾರ್ಡಿಗೆ ಬಂದಾಗ ಸೂಜಿ ಹಿಡಿದರೆ ಬೆರಳು ನಡುಗುತ್ತಿತ್ತು. ರಕ್ತನಾಳ ಹುಡುಕುವುದನ್ನು ಕಲಿಸಿದವಳು ಯಾರು? "ರೋಗಿ ಮುಖ ನೋಡೇ ಮೊದ್ಲು, ಯಂತ್ರ ಆಮೇಲೆ ನೋಡ್ಕೋ" ಅಂತ ದಿನಾ ಬೈದವಳು ಯಾರು? ಮನೆಯಲ್ಲಿ ನೀನು ನನ್ನ ಗಂಡನ ತಂಗಿ, ವಾರ್ಡಿನಲ್ಲಿ ನನ್ನ ಕೈಕೆಳಗಿನ ಹುಡುಗಿ. ಈಗ ನೀನು ಮೇಲೆ, ನಾನು ಕೆಳಗೆ. ನಗಬೇಡ.

ಆ ಪರೀಕ್ಷೆ ನೆನೆಸಿಕೊಂಡರೆ ಇನ್ನೂ ಮೈ ಉರಿಯುತ್ತದೆ. ಒಂದು ಬೊಂಬೆಯನ್ನು ಮಲಗಿಸಿ ಇದೇ ರೋಗಿ ಅಂದರಲ್ಲ, ಅದರ ಹೃದಯ ಎರಡು ಸಲ ನಿಂತಿತು, ಎರಡು ಸಲವೂ ನಾನು ಎಬ್ಬಿಸಿದೆ. ಎದುರಿಗೆ ಕೂತಿದ್ದವರು ಗಡಿಯಾರ ನೋಡಿ ಹುಬ್ಬೇರಿಸಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಹಾಗಿದ್ದ ಮೇಲೆ ನನ್ನನ್ನು ಬಿಟ್ಟದ್ದು ಯಾತಕ್ಕೆ? ಆ ಹಾಳು ತೂಕದ ಯಂತ್ರ, ಇನ್ನೇನು! ಮಿತಿ ಅರವತ್ತೆಂಟಂತೆ, ನಾನು ಎಪ್ಪತ್ತೊಂದು. ಬರೆದುಕೊಂಡವನು ಲೊಚಗುಟ್ಟಿದ. ಮೂರು ಕೆಜಿಗೆ ಕೆಲಸ ಹೋಯಿತು ನೋಡು.

ಅಲ್ಲಿ ಹೇಗಿದೆ, ಏನೇನು ಮಾಡುತ್ತೀಯ, ಎಲ್ಲ ಬರೆ. ಓದಿದರೆ ಉರಿಯುತ್ತದೆ, ಓದದಿದ್ದರೆ ಇನ್ನೂ ಉರಿಯುತ್ತದೆ.

ನಿನ್ನ ಅತ್ತಿಗೆ

*

ಜನವರಿ 30

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಫೋನಿನ ಗಾಜಿಗೆ ನಾನು ಅರ್ಧ ಕೊಡುತ್ತೇನೆ ಎಂದು ಅಣ್ಣನಿಗೆ ಹೇಳಿ.

ಊರಾಚೆ ಒಂದು ದೊಡ್ಡ ಶೆಡ್ಡು, ಅದರ ಪಕ್ಕ ಮೂರು ಕೋಣೆ. ಒಂದರಲ್ಲಿ ನಾನಿರುತ್ತೇನೆ. ಶೆಡ್ಡಿನಲ್ಲಿ ಹೆಲಿಕಾಪ್ಟರು. ಫೋಟೋದಲ್ಲಿ ಕಂಡಷ್ಟು ದೊಡ್ಡದಲ್ಲ, ನಮ್ಮ ಡ್ರೆಸ್ಸಿಂಗ್ ಕೋಣೆಗಿಂತ ಇಕ್ಕಟ್ಟು. ಒಂದು ಸ್ಟ್ರೆಚರ್ ಹಿಡಿಸುತ್ತದೆ. ರೋಗಿಯ ತಲೆಯ ಹತ್ತಿರ ನನ್ನ ಸೀಟು. ಅವರ ಕಾಲು ಯಂತ್ರದ ಬಾಲದೊಳಗೆ ಹೋಗಿರುತ್ತದೆ, ಸೊಂಟದ ಕೆಳಗೆ ನನ್ನ ಕೈ ಎಟಕುವುದಿಲ್ಲ. ಎಂಜಿನ್ ಶುರುವಾದ ಮೇಲೆ ಸ್ಟೆತಸ್ಕೋಪು ಕೊರಳಿಗೆ ಒಡವೆ, ಅಷ್ಟೆ. ಉಸಿರಿನ ಸದ್ದು ಕೇಳುವುದಿಲ್ಲ, ಯಂತ್ರಗಳ ಕೂಗೂ ಕೇಳುವುದಿಲ್ಲ. ಹಾಗಾಗಿ ನಿರ್ಧಾರವೆಲ್ಲ ಬಾಗಿಲು ಹಾಕುವ ಮೊದಲೇ ಆಗಬೇಕು. ಮೇಲೆ ಹೋಗಿ ನೋಡಿಕೊಂಡರಾಯಿತು ಎನ್ನುವ ಮಾತು ಇಲ್ಲಿಲ್ಲ.

ಕೆಲವು ನಿಯಮಗಳು ವಿಚಿತ್ರ. ರೋಗಿ ಯಾರು, ಏನಾಗಿದೆ ಎಂದು ಪೈಲಟ್ಟಿಗೆ ಹೇಳುವಂತಿಲ್ಲ. ಕೂಸು ಎಂದು ಗೊತ್ತಾದರೆ ಮೋಡ ನೋಡುವ ಕಣ್ಣೇ ಬೇರೆಯಾಗುತ್ತದಂತೆ. ಹಾರಬಹುದೋ ಇಲ್ಲವೋ, ಆತ ಅಷ್ಟನ್ನೇ ನೋಡಬೇಕು. ಇನ್ನೊಂದು ನಿಯಮ ಇದಕ್ಕಿಂತ ವಿಚಿತ್ರ. ತಂಡದಲ್ಲಿ ಯಾರೊಬ್ಬರು "ಬೇಡ" ಎಂದರೂ ಹಾರಾಟ ಬೇಡ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಆಗಲೂ ಕೇಳುವಂತಿಲ್ಲ, ಆಮೇಲೆ ಚಹಾ ಕುಡಿಯುವಾಗಲೂ ಕೇಳುವಂತಿಲ್ಲ. ಕಾರಣ ಕೊಡಬೇಕಾಗುತ್ತದೆ ಎನ್ನುವ ಅಳುಕಿದ್ದರೆ ಜನ ಬಾಯಿ ಮುಚ್ಚಿಕೊಂಡು ಹತ್ತಿಬಿಡುತ್ತಾರೆ ಎಂದು ಇಲ್ಲಿಯವರ ಲೆಕ್ಕಾಚಾರ. ತಂಡಕ್ಕೆ ಹೊಸಬರನ್ನು ಸೇರಿಸಿಕೊಳ್ಳುವಾಗಲೂ ಒಬ್ಬೊಬ್ಬರನ್ನೇ ಕರೆದು ಹೀಗೇ ಕೇಳುತ್ತಾರೆ. ನನ್ನ ಬಗ್ಗೆ ಯಾರೂ ಬೇಡ ಅನ್ನಲಿಲ್ಲ, ಪುಣ್ಯ.

ತೂಕದ ವಿಷಯ ಏನು ಬರೆಯಲಿ. ದಿನಾ ಬೆಳಿಗ್ಗೆ ಬೂಟು ಸಮೇತ ತೂಗುತ್ತಾರೆ, ಅದಂತೂ ನಿಜ.

ಇತಿ,
ಚೂಟಿ

*

ಮಾರ್ಚ್ 2

ಚೂಟಿ,

ಬೇಡ ಅಂದರೆ ಬೇಡವಂತೆ, ಕಾರಣ ಕೇಳುವಂತಿಲ್ಲವಂತೆ! ಚೆನ್ನಾಗಿದೆ ಕಣೇ ನಿಮ್ಮ ದರ್ಬಾರು. ನಮ್ಮ ವಾರ್ಡಿನಲ್ಲಿ ಹಾಗಂದು ನೋಡು, ಡ್ಯೂಟಿ ಡಾಕ್ಟರು ಕಣ್ಣಲ್ಲೇ ಸುಟ್ಟುಬಿಡುತ್ತಾರೆ. ಈ ಹನ್ನೆರಡು ವರ್ಷದಲ್ಲಿ ಒಬ್ಬ ರೋಗಿಗೂ ನನ್ನ ಬಾಯಿಂದ "ಬೇಡ" ಬಂದಿಲ್ಲ. ಹಾಸಿಗೆ ಇಲ್ಲದಿದ್ದರೆ ಬೆಂಚಿನ ಮೇಲೆ ಮಲಗಿಸಿದ್ದೇನೆ, ಬೆಂಚಿಲ್ಲದಿದ್ದರೆ ನನ್ನ ಮೇಜಿನ ಮೇಲೆ ಮಲಗಿಸಿದ್ದೇನೆ. ನನ್ನ ಹೆಮ್ಮೆಯೇ ಅದು.

ತೂಕಕ್ಕೆ ಒಂದು ಗತಿ ಕಾಣಿಸುತ್ತಿದ್ದೇನೆ. ದಿನಾ ಬೆಳಿಗ್ಗೆ ಮೈದಾನ ಸುತ್ತುತ್ತೇನೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ನಿಮ್ಮಣ್ಣ "ಯಾರ ಮದುವೆಗೆ ತಯಾರಿ?" ಅಂತ ಕಾಲೆಳೆಯುತ್ತಾರೆ. ಮಗಳು ಸೈಕಲ್ಲಿನಲ್ಲಿ ಹಿಂದೆ ಬಂದು "ಅಮ್ಮಾ, ಇನ್ನೊಂದು ಸುತ್ತು, ಕಳ್ಳಾಟ ಬೇಡ" ಅಂತ ಗದರುತ್ತಾಳೆ. ಎರಡು ಕೆಜಿ ಇಳಿದಿದೆ. ಹೊಟ್ಟೆ ಒಳಗಿನ ಕಿಚ್ಚಿಗೆ ಇನ್ನೂ ಜಾಸ್ತಿ ಕರಗಬೇಕಿತ್ತು.

ನಿಮ್ಮಮ್ಮನ ಕಥೆ ಕೇಳು. ನೀನು ಕಿತ್ತಳೆ ಬಣ್ಣದ ಉಡುಪಿನಲ್ಲಿ ರೆಕ್ಕೆಯ ಕೆಳಗೆ ನಿಂತ ಫೋಟೋ ಕಳಿಸಿದೆಯಲ್ಲ, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ. ಹಾಲಿನವನಿಗೆ ತೋರಿಸಿದರು, ನಲ್ಲಿ ರಿಪೇರಿಯವನಿಗೆ ತೋರಿಸಿದರು. ಅವನು "ನೀವೂ ನರ್ಸಾ?" ಅಂತ ನನ್ನ ಕೇಳಿದ. ಈ ಮನೆಯಲ್ಲಿ ನನ್ನ ಯೂನಿಫಾರ್ಮಿನ ಫೋಟೋ ಒಂದೂ ಇಲ್ಲ. ರೆಕ್ಕೆ ಇಲ್ಲವಲ್ಲ ನನಗೆ.

ನಿಮ್ಮಲ್ಲಿ ಇನ್ನೊಂದು ಜಾಗ ಬರುತ್ತದೆ ಅಂತ ಆಂಬುಲೆನ್ಸಿನ ಡ್ರೈವರ್ ಹೇಳಿದ. ನಿಜವಾ? ನಿಜವಾದರೆ ಈ ಸಲ ಬಿಡುವುದಿಲ್ಲ. ಬೇರೇನೂ ಬೇಡ ನನಗೆ, ಆ ಸೀಟು ಬೇಕು. ಮುಚ್ಚುಮರೆ ಮಾಡದೆ ಬರೆ.

ನಿನ್ನ ಅತ್ತಿಗೆ

*

ಮಾರ್ಚ್ 21

ಅತ್ತಿಗೆ,

ಅದು ರೆಕ್ಕೆಯಲ್ಲ, ಹೆಲಿಕಾಪ್ಟರಿಗೆ ರೆಕ್ಕೆ ಇರುವುದಿಲ್ಲ. ನಾನು ನಿಂತಿದ್ದದ್ದು ಶೆಡ್ಡಿನ ತಗಡಿನ ಕೆಳಗೆ. ಅಮ್ಮನಿಗೆ ಹೇಳಬೇಡಿ.

ನಿಮಗೆ ಅಮ್ಮ ನನ್ನ ಫೋಟೋ ತೋರಿಸುತ್ತಾರೆ. ನನಗೆ ಫೋನ್ ಮಾಡಿದರೆ ಏನು ಮಾತಾಡುತ್ತಾರೆ ಗೊತ್ತೇ? "ನಿಮ್ಮತ್ತಿಗೆ ಹಂಗೆ, ನಿಮ್ಮತ್ತಿಗೆ ಹಿಂಗೆ. ನಂಗೆ ಕಾಲು ನೋವು ಅಂದ್ರೆ ಡ್ಯೂಟಿ ಬಿಟ್ಟು ಓಡಿ ಬಂದ್ಲು." ಊಟ ಮಾಡಿದೆಯಾ ಎಂದು ಕೇಳುವುದನ್ನೂ ಮರೆಯುತ್ತಾರೆ. ಆ ಮನೆಯಲ್ಲಿ ನನ್ನ ಮಂಚದ ಜಾಗದಲ್ಲಿ ಈಗ ನಿಮ್ಮ ಮಗಳ ಓದುವ ಮೇಜಿದೆಯಂತೆ. ಆಗಲಿ, ಸಂತೋಷ. ಆದರೆ ಉರಿಯುವುದು ನಿಮಗೊಬ್ಬರಿಗೇ ಎಂದುಕೊಳ್ಳಬೇಡಿ.

ಕಳೆದ ವಾರ ಕಟ್ಟಡದ ಸಾರುವೆಯಿಂದ ಬಿದ್ದ ಗಾರೆ ಕೆಲಸದವನನ್ನು ತರಲು ಹೋಗಿದ್ದೆವು. ಎರಡು ಪಕ್ಕೆಲುಬು ಮುರಿದು, ಶ್ವಾಸಕೋಶದ ಸುತ್ತ ಸ್ವಲ್ಪ ಗಾಳಿ ಸೇರಿಕೊಂಡಿತ್ತು. ನೆಲದ ಮೇಲಾದರೆ ಅದು ಕಾದು ನೋಡಬಹುದಾದ ಗಾಳಿ. ಮೇಲೆ ಏರಿದಂತೆ ಹಿಗ್ಗುತ್ತದೆ, ಶ್ವಾಸಕೋಶವನ್ನು ಒತ್ತಿಬಿಡುತ್ತದೆ. ಎದೆಗೆ ನಳಿಕೆ ಹಾಕಿ ಗಾಳಿ ಹೊರಗೆ ಬಿಟ್ಟ ಮೇಲೇ ಕರೆದೊಯ್ಯುತ್ತೇನೆ ಎಂದೆ. "ಇಷ್ಟಕ್ಕೆಲ್ಲ ನಳಿಕೆ ಯಾಕಮ್ಮ?" ಎಂದು ಅಲ್ಲಿಯ ಸರ್ಜನ್ ನಕ್ಕರು. ನಾನು ಸ್ಟ್ರೆಚರ್ ಹಿಡಿದು ನಿಂತೇ ಇದ್ದೆ. ಕೊನೆಗೆ ಹಾಕಿದರು. ಹಾರುವಾಗ ಏನೂ ಕೇಳಿಸುವುದಿಲ್ಲವಲ್ಲ, ಎದೆಯ ಮೇಲೆ ಅಂಗೈ ಇಟ್ಟುಕೊಂಡು ದಾರಿಯುದ್ದಕ್ಕೂ ಅವನ ತುಟಿಯ ಬಣ್ಣ ನೋಡುತ್ತಿದ್ದೆ. ನೀವು ಬೈದು ಕಲಿಸಿದ್ದೇ ಅದು.

ಇಳಿದ ಮೇಲೆ ಇಲ್ಲಿಯ ಹಿರಿಯ ಸಿಸ್ಟರ್ "ಯಾರು ಕಲಿಸಿದ್ದು?" ಎಂದರು. ಮೊದಮೊದಲು ನಿಮ್ಮ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಯಾವ ಕೆಲಸ ಚೆನ್ನಾಗಿ ಮಾಡಿದರೂ ಅದು ನಿಮ್ಮದೇ ಎಂದಾಗಿದೆ. ಈ ಸಲ "ಎಲ್ಲೋ ಕಲಿತೆ" ಎಂದುಬಿಟ್ಟೆ.

ಇನ್ನೊಂದು ಜಾಗದ ಬಗ್ಗೆ ನನಗೆ ಅಷ್ಟಾಗಿ ತಿಳಿಯದು. ನೋಡೋಣ.

ಚೂಟಿ

*

ಏಪ್ರಿಲ್ 19

ಚೂಟಿ,

ಸಿಟ್ಟು ಇಳಿಯಲಿ ಎಂದು ನಾಲ್ಕು ದಿನ ಕಾದೆ. ಇಳಿಯಲಿಲ್ಲ, ಬರೆಯುತ್ತಿದ್ದೇನೆ.

ಶುಕ್ರವಾರ ನಿನಗೆ ನೆನಪಿದೆ. ಹೊಲಿಗೆ ಕೆಲಸದ ಹೆಂಗಸು, ಎರಡನೆಯ ಬಸಿರು, ಎಂಟನೆಯ ತಿಂಗಳಿಗೇ ನೋವು. ಅಷ್ಟು ಸಣ್ಣ ಕೂಸನ್ನು ಇಟ್ಟು ಸಾಕುವ ಸೌಕರ್ಯ ನಮ್ಮಲ್ಲಿಲ್ಲ. ನಾನು ನೋಡಿದಾಗ ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹೆಲಿಕಾಪ್ಟರ್ ಕರೆಸೋಣ ಎಂದು ಡಾಕ್ಟರಿಗೆ ಹೇಳಿದವಳು ನಾನೇ. ಡ್ರಿಪ್ ಹಾಕಿ, ಕಂಬಳಿ ಹೊದಿಸಿ, ಬೆಲ್ಟು ಬಿಗಿದು ಸಿದ್ಧ ಮಾಡಿದ್ದೆ. ಬರುತ್ತಿರುವವಳು ನೀನು ಎಂದು ಗೊತ್ತಾದ ಮೇಲೆ ಕಂಬಳಿಯ ಅಂಚನ್ನೂ ಎಳೆದು ಸರಿ ಮಾಡಿದ್ದೆ.

ನೀನು ಬಂದೆ. ಒಂದು ನಗು ಇಲ್ಲ. "ಕೊನೇ ಸಲ ಯಾವಾಗ ನೋಡಿದ್ರಿ?" ಅಂದೆ. ನಾನು ಬಿಗಿದಿದ್ದ ಬೆಲ್ಟನ್ನೆಲ್ಲ ನೀನು ಒಂದೊಂದಾಗಿ ಬಿಚ್ಚಿದೆ. ಪರೀಕ್ಷೆ ಮಾಡಿ, "ಎಂಟಾಗಿದೆ. ಬೇಡ. ಇಲ್ಲೇ ಆಗ್ಲಿ" ಅಂದೆ. ಡಾಕ್ಟರು ನನ್ನ ಮುಖ ನೋಡಿದರು, ಆಯಾ ನನ್ನ ಮುಖ ನೋಡಿದಳು. ನನ್ನ ವಾರ್ಡಿನಲ್ಲಿ, ನನ್ನ ಜನರೆದುರಿಗೆ, ನಾನು ಕಟ್ಟಿದ್ದನ್ನು ನೀನು ಬಿಚ್ಚಿದೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಹೊಟ್ಟೆಕಿಚ್ಚಿಗೆ ಬುದ್ಧಿ ಕಲಿಸಲು ಬಂದಿದ್ದಾಳೆ ಎಂದುಕೊಂಡೆ.

ಆಮೇಲೆ ಆದದ್ದೂ ನಿನಗೆ ಗೊತ್ತು. ಬಿಸಿ ಬಟ್ಟೆ ತರಲು ಹೋದ ಆಯಾ ಬರುವ ಮೊದಲೇ ತಲೆ ಕಾಣಿಸಿತು. ಕೂಸು ಅಳಲಿಲ್ಲ. ನೀನು ಒರೆಸಿದೆ, ನಾನು ಬ್ಯಾಗ್ ಒತ್ತಿ ಉಸಿರು ಕೊಟ್ಟೆ. ಇಬ್ಬರ ಕೈಗಳೂ ಜೊತೆಯಾಗಿ ಕೆಲಸ ಮಾಡಿದವು. ಅತ್ತಿತು. ಅದನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನೀನು ಹಾರಿದೆ, ತಾಯಿಯನ್ನು ನಾನು ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಇಬ್ಬರೂ ಚೆನ್ನಾಗಿದ್ದಾರಂತೆ.

ನಿನ್ನೆ ಬಟ್ಟೆ ಹಿಂಡುತ್ತಿದ್ದೆ, ಥಟ್ಟನೆ ಹೊಳೆಯಿತು. ನನ್ನ ಮಾತಿನಂತೆ ಹೊರಟಿದ್ದರೆ ಅವಳ ಕಾಲು ನಿಮ್ಮ ಯಂತ್ರದ ಬಾಲದೊಳಗೆ, ನೀನು ತಲೆಯ ಹತ್ತಿರ. ಕೂಸು ಯಾರ ಕೈಗೂ ಸಿಗದೆ ಕಂಬಳಿಯೊಳಗೆ ಹುಟ್ಟುತ್ತಿತ್ತು. ಎರಡನೆಯ ಹೆರಿಗೆ ಬೇಗ ಆಗುತ್ತದೆ ಎಂದು ನಾನೇ ನಿಮಗೆಲ್ಲ ಪಾಠ ಹೇಳಿದವಳು. ಆದರೂ ಬೆಲ್ಟು ಬಿಗಿದ ಮೇಲೆ ಮತ್ತೊಮ್ಮೆ ನೋಡಲಿಲ್ಲ. ಕಟ್ಟಿದ್ದನ್ನು ಬಿಚ್ಚಲು ಮನಸ್ಸೇ ಬರಲಿಲ್ಲ.

ಆಗ ಆ ಬೊಂಬೆ ನೆನಪಾಯಿತು. ಎರಡು ಸಲ ಎಬ್ಬಿಸಿದ ಮೇಲೆ, "ಹೆಲಿಕಾಪ್ಟರ್ ರೆಡಿ ಇದೆ, ಹೋಗೋಣ್ವಾ ಸಿಸ್ಟರ್?" ಎಂದು ಕೇಳಿದರು. ನಾನು "ನಡೀರಿ" ಅಂದೆ. ಮೂರನೆಯ ಸಲ ಹೃದಯ ನಿಂತಿದ್ದರೆ ಆ ಇಕ್ಕಟ್ಟಿನಲ್ಲಿ ಎದೆ ಒತ್ತಲು ನನ್ನ ಮೊಣಕೈ ಆಡುತ್ತಿತ್ತೇ? ನೀನು ಏನಂದೆ? ಈಗಲೇ ಬೇಡ ಅಂದೆ ಅಲ್ಲವೇ? ನನ್ನನ್ನು ಬಿಟ್ಟದ್ದು ತೂಕಕ್ಕಲ್ಲ ಅಲ್ಲವೇ? ನಿನಗೆ ಇದು ಮೊದಲೇ ಗೊತ್ತಿತ್ತೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ.

ಅತ್ತಿಗೆ

*

ಏಪ್ರಿಲ್ 30

ಅತ್ತಿಗೆ,

ಗೊತ್ತಿತ್ತು. ಸೇರಿದ ಮೊದಲ ವಾರವೇ, ನಮ್ಮ ಪರೀಕ್ಷೆ ನಡೆಸಿದ್ದ ಹಿರಿಯ ಸಿಸ್ಟರ್ ಹೇಳಿದರು, "ನಿಮ್ಮತ್ತಿಗೆ ಕೈಯಂಥ ಕೈ ನಾನು ನೋಡಿಲ್ಲ. ಆದ್ರೆ ಬೇಡ ಅನ್ನೋಕೆ ಬರಲ್ಲ ಅವ್ರಿಗೆ" ಎಂದು. ನೀವಾಗಿಯೇ ತೂಕ ಎಂದುಕೊಂಡಿರಿ. ಅದರಲ್ಲಿ ನೋವು ಕಡಿಮೆ ಎಂದು ನಾನೂ ಸುಮ್ಮನಿದ್ದೆ. ತಪ್ಪಾಗಿದ್ದರೆ ಕ್ಷಮಿಸಿ.

ಶುಕ್ರವಾರ ನಿಮಗೆ ಅವಮಾನ ಮಾಡಬೇಕೆಂದು ಬೆಲ್ಟು ಬಿಚ್ಚಲಿಲ್ಲ. ಯಾರು ಕಟ್ಟಿದ್ದರೂ ಬಿಚ್ಚುತ್ತಿದ್ದೆ. ನಿಮ್ಮ ಮುಖ ನೋಡಿದರೆ ಕೈ ಬರುವುದಿಲ್ಲ ಎಂದು ನಿಮ್ಮ ಕಡೆ ತಿರುಗಲಿಲ್ಲ.

ಎರಡನೆಯ ಜಾಗಕ್ಕೆ ಅರ್ಜಿ ಕರೆದಿದ್ದಾರೆ. ಕೊನೆಯ ದಿನ ಮೇ ಹತ್ತು. ಕೆಲಸದ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು.

ಚೂಟಿ

*

ಮೇ 5

ಚೂಟಿ,

ನೋವಂತೆ! ನಾಲ್ಕು ತಿಂಗಳು ಮೈದಾನ ಸುತ್ತಿದ್ದೇನಲ್ಲೇ, ಆಗ ನಿನಗೆ ನನ್ನ ಮಂಡಿನೋವು ಕಾಣಿಸಲಿಲ್ಲವೇ? ಸಕ್ಕರೆ ಇಲ್ಲದ ಚಹಾ ಕುಡಿದು ಕುಡಿದು ನಾಲಿಗೆ ಕೆಟ್ಟುಹೋಗಿದೆ. "ತೂಕವಲ್ಲ ಅತ್ತಿಗೆ" ಎಂದು ಎರಡು ಪದ ಬರೆಯಲು ನಿನ್ನ ಪೆನ್ನಿನಲ್ಲಿ ಶಾಯಿ ಇರಲಿಲ್ಲ.

ತಡವಾಯಿತಂತೆ, ಅದೂ ಸರಿ. ಪ್ರಕಟಣೆ ತರಿಸಿ ನೋಡಿದೆ. ಮೇಲಿರುವ ತಾರೀಕು ಏಪ್ರಿಲ್ ಒಂದು. ಆ ಶುಕ್ರವಾರ ನನ್ನ ಎದುರಿಗೇ ನಿಂತಿದ್ದೆ, ಕೂಸಿನ ಪೆಟ್ಟಿಗೆ ಮುಚ್ಚುವಾಗಲಾದರೂ ಒಂದು ಮಾತು ಹೇಳಬಹುದಿತ್ತು. ಮರೆತೆ ಎಂದು ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡರೇ ನನಗೆ ನೆಮ್ಮದಿ.

ಅರ್ಜಿ ಹಾಕಿದ್ದೇನೆ.

ಅತ್ತಿಗೆ

*

ಮೇ 26

ಚೂಟಿ,

ನಿನ್ನಿಂದ ಉತ್ತರವಿಲ್ಲ. ಮುಖ ಊದಿಸಿಕೊಂಡು ಕೂತಿದ್ದೀಯ ಅನ್ನಿಸುತ್ತದೆ. ಸಾಕು ಬಿಡು, ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಇಳಿದದ್ದೂ ಆಯಿತು.

"ಬೇಡ" ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ನಿಮ್ಮಣ್ಣ ಭಾನುವಾರ ಆರು ಜನರನ್ನು ಊಟಕ್ಕೆ ಕರೆಯಲೇ ಎಂದರು. "ಬೇಡ" ಅಂದೆ. "ಯಾಕೆ?" ಅಂದರು. "ಕೇಳುವಂತಿಲ್ಲ" ಅಂದೆ. ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದರು ಪುಣ್ಯಾತ್ಮ.

ವಾರ್ಡಿನಲ್ಲಿ ಮಾತ್ರ ಸುಲಭವಲ್ಲ. ಹೊಟ್ಟೆಗೆ ಪೆಟ್ಟಾಗಿದ್ದ ಒಬ್ಬ ಮುದುಕರನ್ನು ಸ್ಕ್ಯಾನಿಗೆ ಕಳಿಸಿ ಎಂದರು ಡಾಕ್ಟರು. ಬಿಪಿ ಯಂತ್ರದಲ್ಲಿ ಸರಿಯಾಗಿಯೇ ಇತ್ತು. ಆದರೆ ಮುಖ ಬೂದಿ ಬಣ್ಣ, ಕಾಲು ತಣ್ಣಗೆ. ಆ ಸ್ಕ್ಯಾನ್ ಕೋಣೆ ಮೂರು ಕಾರಿಡಾರು ಆಚೆ, ನಡುವೆ ಏನಾದರೂ ಆದರೆ ಎಲ್ಲಿ ನಿಲ್ಲಿಸುವುದು? "ಈಗ್ಲೇ ಬೇಡ ಡಾಕ್ಟ್ರೇ, ಮೊದ್ಲು ರಕ್ತ ಕೊಡೋಣ" ಅಂದೆ. ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಅನ್ನಿಸಿತು. ಡಾಕ್ಟರು ಬೈಯಲಿಲ್ಲ, ಸುಮ್ಮನೆ ಒಂದು ಸಲ ನೋಡಿ ರಕ್ತಕ್ಕೆ ಬರೆದರು. ಮುದುಕರು ಉಳಿದರು. ಇಷ್ಟು ದಿನ ಇದು ನನಗೆ ಯಾಕೆ ಬರಲಿಲ್ಲ ಚೂಟಿ? ಬೇಡ ಎಂದರೆ ಕೈಬಿಟ್ಟ ಹಾಗೆ ಎಂದೇ ತಿಳಿದಿದ್ದೆ.

ನಿನ್ನ ಹತ್ತಿರವೇ ಕಲಿತದ್ದು ಎಂದು ಒಪ್ಪಿಕೊಳ್ಳಲಾಗದೆ ಎರಡು ಕಾಗದ ಹರಿದೆ. ಒಪ್ಪಿಕೊಂಡಿದ್ದೇನೆ.

ನಿನ್ನ ಅತ್ತಿಗೆ

*

ಜೂನ್ 11

ನನ್ನ ಚೂಟಿ,

ಆಯಿತು ಕಣೇ! ಬೊಂಬೆಯ ಪರೀಕ್ಷೆ ಪಾಸಾದೆ. ಈ ಸಲದ ಬೊಂಬೆಗೆ ತಲೆಗೆ ಪೆಟ್ಟು, ವಾಂತಿ, ಅರ್ಧ ಎಚ್ಚರ. "ಹೋಗೋಣ್ವಾ?" ಎಂದರು. "ಬೇಡ. ಮೊದ್ಲು ಉಸಿರಿನ ನಳಿಕೆ ಹಾಕ್ಕೊಳ್ಳೋಣ, ಮೇಲೆ ಹೋಗಿ ಒದ್ದಾಡೋಕಾಗಲ್ಲ" ಅಂದೆ. ನಿಮ್ಮ ಹಿರಿಯ ಸಿಸ್ಟರ್ ಪೆನ್ನು ಕೆಳಗಿಟ್ಟು ನಕ್ಕರು. ನೀನು ಆವತ್ತು ಡ್ಯೂಟಿ ಮೇಲೆ ಹೊರಗೆ ಹೋಗಿದ್ದೆ, ಇಲ್ಲದಿದ್ದರೆ ಎಲ್ಲರೆದುರಿಗೆ ನಿನ್ನನ್ನು ಎತ್ತಿ ತಿರುಗಿಸುತ್ತಿದ್ದೆ. ತೂಕ ಅರವತ್ತೈದು, ಅದನ್ನು ಯಾರೂ ಕೇಳಲೂ ಇಲ್ಲ!

ಇನ್ನು ತಂಡದವರ ಒಪ್ಪಿಗೆ ಒಂದು ಬಾಕಿಯಂತೆ. ಅದೇನು ದೊಡ್ಡದು, ನೀನಿದ್ದೀಯಲ್ಲ. ಮಗಳನ್ನು ನಿಮ್ಮಮ್ಮ ನೋಡಿಕೊಳ್ಳುತ್ತಾರೆ, ನಿಮ್ಮಣ್ಣ ಒಪ್ಪಿದ್ದಾರೆ, ವಾರ್ಡಿನವರು ಒಂದು ಕೈಗಡಿಯಾರ ಕೊಟ್ಟುಬಿಟ್ಟರು. ಕೋಣೆ ಸಿಗುವವರೆಗೆ ನಿನ್ನ ಕೋಣೆಯಲ್ಲೇ ಚಾಪೆ ಹಾಸಿಕೊಳ್ಳುತ್ತೇನೆ. ಗೊರಕೆ ಹೊಡೆಯುತ್ತೇನೆ, ಈಗಲೇ ಹೇಳಿರುತ್ತೇನೆ.

ನಿನ್ನ ಮೇಲೆ ಇಷ್ಟು ತಿಂಗಳು ಉರಿದುಕೊಂಡೆ. ಈಗ ಎದೆ ಹಗುರ.

ನಿನ್ನ ಅತ್ತಿಗೆ

*

ಜೂನ್ 11

ಅತ್ತಿಗೆ,

ಬೇರೆಯವರಿಂದ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ.

ಮುಖ್ಯ ಪೈಲಟ್ ಇವತ್ತು ಒಬ್ಬೊಬ್ಬರನ್ನೇ ಕರೆದು, "ಇವ್ರ ಜೊತೆ ಹಾರ್ತೀರಾ?" ಎಂದು ನಿಮ್ಮ ಬಗ್ಗೆ ಕೇಳಿದರು. ಮೂವರು ಹೂಂ ಎಂದರು. ನಾನು ಬೇಡ ಎಂದೆ.

ಅವರು ತಲೆಯಾಡಿಸಿ ಕಡತ ಮುಚ್ಚಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಚಹಾ ಕುಡಿದೆವು, ಆಗಲೂ ಕೇಳಲಿಲ್ಲ.

ನಿಮಗೆ ಕಾರಣ ಹೇಳುತ್ತೇನೆ. ಒಂದೇ ಮನೆಯ ಇಬ್ಬರು ಒಂದೇ ಕಡೆ ಹಾರುವುದು ಒಳ್ಳೆಯದಲ್ಲ, ನಾಳೆ ಏನಾದರೂ ಆದರೆ ಅಮ್ಮ, ಅಣ್ಣ ಏನು ಮಾಡುತ್ತಾರೆ? ಮಗಳು ಇನ್ನೂ ಚಿಕ್ಕವಳು. ನೀವು ಬಿಟ್ಟುಬಂದರೆ ಆ ವಾರ್ಡು ನಡೆಯುವುದೂ ಕಷ್ಟ. ತಣ್ಣಗೆ ಯೋಚಿಸಿದರೆ ನಿಮಗೂ ಸರಿ ಅನ್ನಿಸಬಹುದು.

ಚೂಟಿ

*

ಜೂನ್ 16

ಚೂಟಿ,

ನನ್ನ ಕಾಗದ ನಿನಗೆ ತಲುಪಿರಬೇಕು, ನಿನ್ನದು ನನಗೆ ತಲುಪಿತು. ಎರಡೂ ಒಂದೇ ದಿನ ಬರೆದವು. ನಾನು ಚಾಪೆಯ ಮಾತು ಬರೆಯುತ್ತಿದ್ದಾಗ ನೀನು ಇದನ್ನು ಬರೆಯುತ್ತಿದ್ದೆ.

ನಿನ್ನ ಕಾರಣಗಳೆಲ್ಲ ಚೆನ್ನಾಗಿವೆ. ಅಳೆದು ತೂಗಿ ಬರೆದಿದ್ದೀಯ. ಆದರೆ ಇಬ್ಬರು ನರ್ಸುಗಳು ಒಂದೇ ಹಾರಾಟಕ್ಕೆ ಹೋಗುವುದೇ ಇಲ್ಲ ಎಂದು ನಿಮ್ಮ ಹಿರಿಯ ಸಿಸ್ಟರೇ ನನಗೆ ಹೇಳಿದರು, ಒಬ್ಬರು ಇಳಿದರೆ ಇನ್ನೊಬ್ಬರು. ಮಗಳು ಚಿಕ್ಕವಳು ಎಂದು ನನಗೆ ನೀನು ಹೇಳಬೇಕೇ? ಹೆತ್ತವಳು ನಾನು. ವಾರ್ಡು ನಾನು ಬರುವ ಮೊದಲೂ ಇತ್ತು, ನಾನು ಸತ್ತ ಮೇಲೂ ಇರುತ್ತದೆ. ಹಾಗಾದರೆ ಇವು ಯಾವುವೂ ನಿನ್ನ ಕಾರಣವಲ್ಲ. ಯಾರಾದರೂ ಕೇಳಿದರೆ ಇರಲಿ ಎಂದು ಕೈಯಲ್ಲಿ ಹಿಡಿದುಕೊಂಡಿದ್ದವು.

ನಾನು ಯಾರಿಗೂ ಹೇಳಿಲ್ಲ. ಊಟಕ್ಕೆ ಕೂತಾಗ ನಿಮ್ಮಮ್ಮ "ಯಾವತ್ತು ಹೊರಡ್ತೀಯ?" ಅಂತ ಕೇಳಿದರು. ನೀರು ಕುಡಿಯುವ ನೆಪ ಮಾಡಿ ಎದ್ದುಹೋದೆ. ಕೈಗಡಿಯಾರ ಬಿಚ್ಚಿ ಇಟ್ಟಿದ್ದೇನೆ, ವಾಪಸ್ಸು ಕೊಡುವುದು ಹೇಗೆ ಗೊತ್ತಾಗುತ್ತಿಲ್ಲ. ನನ್ನ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದನ್ನು ಮೊದಲ ಕಾಗದದಲ್ಲೇ ನಿನ್ನ ಮುಂದೆ ಸುರಿದೆ. ನೀನು ಯಾವತ್ತೂ ಸುರಿಯಲಿಲ್ಲ. ಒಂದೊಂದು ಹನಿ ತೋರಿಸಿ ಮುಚ್ಚಿಟ್ಟುಕೊಂಡೆ.

ಅಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ ಅಂತ ಬರೆದಿದ್ದೀಯ. ನಾನು ನಿಮ್ಮ ತಂಡದವಳಲ್ಲ, ಆಗಲು ನೀನು ಬಿಡಲಿಲ್ಲ. ಹಾಗಾಗಿ ನಿಮ್ಮ ನಿಯಮ ನನಗಿಲ್ಲ. ನಾನು ಕೇಳುತ್ತೇನೆ.

ಯಾಕೆ?

ಅತ್ತಿಗೆ

*

ಜೂನ್ 20

ಅತ್ತಿಗೆ,

ಹೊಟ್ಟೆಕಿಚ್ಚು.

ಹಿರಿಯ ಸಿಸ್ಟರ್ ಆಡಿದ್ದರಲ್ಲಿ ಅರ್ಧ ಮಾತ್ರ ನಿಮಗೆ ಬರೆದಿದ್ದೆ. ಉಳಿದರ್ಧ ಇದು. "ಬೇಡ ಅನ್ನೋದೊಂದು ಅವ್ರಿಗೆ ಬಂದಿದ್ರೆ ನಿನ್ನ ಹೆಸರು ನಾವು ನೋಡ್ತಾನೇ ಇರ್ಲಿಲ್ಲ." ಈಗ ನಿಮಗೆ ಅದೂ ಬಂತು. ನಿಮ್ಮಲ್ಲಿಲ್ಲದೆ ನನ್ನಲ್ಲಿ ಇದ್ದದ್ದು ಅದೊಂದೇ.

ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಮುಖ್ಯ ಪೈಲಟ್ಟರನ್ನು ಕೇಳಿದೆ. ಬೇಡ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲವಂತೆ. ಯಾಕೆ ಹೀಗೆ ಕೇಳುತ್ತಿದ್ದೀಯ ಎಂದೂ ಅವರು ಕೇಳಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು. ತೆಗೆಯದಿದ್ದರೆ ಯಾಕೆ ಎಂದು ಕೇಳುವುದಿಲ್ಲ.

ಚೂಟಿ